ಐದಾರು ಲಕ್ಷದ ಹ್ಯಾಚ್‌ಬ್ಯಾಕ್‌ಗಳಲ್ಲಿ ಯಾವುದನ್ನು ಆರಿಸಬೇಕು: ತುಂಬಿದ ಕಾರನ್ನು ಲೆಕ್ಕಕ್ಕಿಟ್ಟುಕೊಂಡು ಒಂದು ಹೋಲಿಕೆ

2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಮೇಲಿನ ಜಿಎಸ್‌ಟಿ ಶೇ 28ರಿಂದ ಶೇ 18ಕ್ಕೆ ಇಳಿಯಿತು. ಅದರ ಮೇಲಿದ್ದ ಸೆಸ್ ಕೂಡ ರದ್ದಾಯಿತು. ನಾಲ್ಕು ಮೀಟರಿಗಿಂತ ಉದ್ದವಿರದ, ಪೆಟ್ರೋಲ್ ಅಥವಾ ಸಿಎನ್‌ಜಿ ಎಂಜಿನ್ 1,200 ಸಿಸಿ ಮೀರದ ಕಾರುಗಳಿಗೆ ಈ ಇಳಿಕೆ ಅನ್ವಯಿಸುವುದರಿಂದ, ನಮ್ಮ ಮಾರುಕಟ್ಟೆಯ ಸಣ್ಣ ಹ್ಯಾಚ್‌ಬ್ಯಾಕ್‌ಗಳೆಲ್ಲವೂ ಅಗ್ಗವಾದವು. 2025ರ ಕೊನೆಯ ಹೊತ್ತಿಗೆ ಮಾರುತಿ ಆಲ್ಟೊ ಕೆ10ನ ಆರಂಭಿಕ ಎಕ್ಸ್-ಶೋರೂಂ ಬೆಲೆ (ನೋಂದಣಿ, ವಿಮೆ ಸೇರುವ ಮೊದಲಿನದು) ಸುಮಾರು 3.7 ಲಕ್ಷ, ರೆನೊ ಕ್ವಿಡ್‌ನದು 4.3 ಲಕ್ಷ, ಟಾಟಾ ಟಿಯಾಗೊದ್ದು 4.6 ಲಕ್ಷ, ಮಾರುತಿ ಸೆಲೆರಿಯೊದ್ದು 4.7 ಲಕ್ಷ, ವ್ಯಾಗನ್‌ಆರ್‌ನದು 5 ಲಕ್ಷ, ಹ್ಯುಂಡೈ ಗ್ರ್ಯಾಂಡ್ ಐ10 ನಿಯೋಸ್‌ನದು 5.5 ಲಕ್ಷ, ಸ್ವಿಫ್ಟ್‌ನದು 5.8 ಲಕ್ಷ ರೂಪಾಯಿಯ ಆಸುಪಾಸಿನಲ್ಲಿತ್ತು. ಈ ಬರಹದಲ್ಲಿ ಹೋಲಿಸುತ್ತಿರುವುದು ಈ ಏಳು ಕಾರುಗಳನ್ನು. ಬಲೆನೊ, ಐ20, ಆಲ್ಟ್ರೋಜ್ ಮುಂತಾದವು ಗಾತ್ರದಲ್ಲೂ ಬೆಲೆಯಲ್ಲೂ ಒಂದು ಮೆಟ್ಟಿಲು ಮೇಲಿನವಾದ್ದರಿಂದ ಅವನ್ನು ಇಲ್ಲಿ ಸೇರಿಸಿಲ್ಲ.

ಕಾರು ಕೊಳ್ಳುವವರು ಸಾಮಾನ್ಯವಾಗಿ ತಮ್ಮ ದಿನನಿತ್ಯದ ಓಡಾಟವನ್ನು ಮನಸ್ಸಿನಲ್ಲಿಟ್ಟುಕೊಂಡು ಶೋರೂಮಿಗೆ ಹೋಗುತ್ತಾರೆ: ಮನೆಯಿಂದ ಕಚೇರಿ, ಶಾಲೆ, ಮಾರುಕಟ್ಟೆ. ಈ ಕೆಲಸವನ್ನು ಮೇಲಿನ ಏಳರಲ್ಲಿ ಯಾವ ಕಾರಾದರೂ ತೃಪ್ತಿಕರವಾಗಿ ಮಾಡುತ್ತದೆ. ಒಬ್ಬರೋ ಇಬ್ಬರೋ ಕುಳಿತು ಸಮತಟ್ಟಾದ ರಸ್ತೆಯಲ್ಲಿ ನಲವತ್ತರ ವೇಗದಲ್ಲಿ ಹೋಗುವಾಗ ಒಂದು ಕಾರಿಗೂ ಇನ್ನೊಂದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ವ್ಯತ್ಯಾಸ ಕಾಣುವುದು ಹಬ್ಬಕ್ಕೋ ಮದುವೆಗೋ ಐದು ಜನ ಕುಳಿತು, ಡಿಕ್ಕಿ ತುಂಬ ಸಾಮಾನು ಹೇರಿ, ಎಸಿ ಹಾಕಿಕೊಂಡು ಊರಿಗೆ ಹೊರಟಾಗ. ಎಂಜಿನ್ನಿನ ಶಕ್ತಿ, ಬ್ರೇಕಿನ ಹಿಡಿತ, ಹಿಂದಿನ ಸೀಟಿನ ಅನುಕೂಲ, ಅಪಘಾತವಾದರೆ ಒಳಗಿರುವವರ ರಕ್ಷಣೆ ಇವೆಲ್ಲ ಪರೀಕ್ಷೆಗೆ ಒಳಗಾಗುವುದು ಆ ಪ್ರಯಾಣಗಳಲ್ಲಿಯೇ. ಆದ್ದರಿಂದ ವರ್ಷದಲ್ಲಿ ಅಂಥ ಪ್ರಯಾಣಗಳು ಕೆಲವೇ ಇದ್ದರೂ ಅವನ್ನೇ ಅಳತೆಗೋಲಾಗಿಟ್ಟುಕೊಂಡು ಕಾರನ್ನು ಆರಿಸಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಮುಂದಿನ ಹೋಲಿಕೆಯೆಲ್ಲ ಈ ದೃಷ್ಟಿಯಿಂದಲೇ ಮಾಡಿದ್ದು.

ಒಂದು ಲೀಟರಿನ ಎಂಜಿನ್ನೋ, 1.2 ಲೀಟರಿನದೋ

ಆಲ್ಟೊ ಕೆ10, ಸೆಲೆರಿಯೊ ಮತ್ತು ವ್ಯಾಗನ್‌ಆರ್‌ನ ಕೆಳಗಿನ ವೇರಿಯಂಟ್‌ಗಳಲ್ಲಿರುವುದು ಮೂರು ಸಿಲಿಂಡರಿನ 998 ಸಿಸಿ ಎಂಜಿನ್. ಅದರ ಗರಿಷ್ಠ ಶಕ್ತಿ ಸುಮಾರು 67 ಅಶ್ವಶಕ್ತಿ, ಟಾರ್ಕ್ ಅಂದರೆ ಚಕ್ರವನ್ನು ತಿರುಗಿಸುವ ಬಲ 89 ನ್ಯೂಟನ್ ಮೀಟರ್. ಕ್ವಿಡ್‌ನ 999 ಸಿಸಿ ಎಂಜಿನ್ನಿನ ಸಾಮರ್ಥ್ಯವೂ ಹೆಚ್ಚುಕಡಿಮೆ ಅಷ್ಟೇ. ಟಿಯಾಗೊದ 1,199 ಸಿಸಿ ಎಂಜಿನ್ 86 ಅಶ್ವಶಕ್ತಿಯನ್ನೂ, ನಿಯೋಸ್‌ನ ನಾಲ್ಕು ಸಿಲಿಂಡರಿನ 1,197 ಸಿಸಿ ಎಂಜಿನ್ 83 ಅಶ್ವಶಕ್ತಿಯನ್ನೂ, 2024ರಲ್ಲಿ ಬಂದ ಹೊಸ ಸ್ವಿಫ್ಟ್‌ನ ಮೂರು ಸಿಲಿಂಡರಿನ 1,197 ಸಿಸಿ ಎಂಜಿನ್ 82 ಅಶ್ವಶಕ್ತಿಯನ್ನೂ ಕೊಡುತ್ತವೆ. ಮೂರರ ಟಾರ್ಕ್ ಕೂಡ 112-114 ನ್ಯೂಟನ್ ಮೀಟರಿನ ಆಸುಪಾಸಿನಲ್ಲಿದೆ. ವ್ಯಾಗನ್‌ಆರ್‌ನ ಮೇಲಿನ ವೇರಿಯಂಟ್‌ಗಳಲ್ಲಿ 90 ಅಶ್ವಶಕ್ತಿಯ 1.2 ಲೀಟರ್ ಎಂಜಿನ್ ಸಿಗುತ್ತದೆ.

ಕಾಗದದ ಮೇಲೆ ಸಣ್ಣದಾಗಿ ಕಾಣುವ ಈ ಅಂತರ ಕರ್ನಾಟಕದಲ್ಲಿ ದೊಡ್ಡದಾಗುವುದಕ್ಕೆ ಎರಡು ಕಾರಣಗಳಿವೆ. ಮೊದಲನೆಯದು ಎತ್ತರ. ಈ ಕಾರುಗಳಲ್ಲಿರುವಂಥ, ಟರ್ಬೊ (ಗಾಳಿಯನ್ನು ಒತ್ತಿ ಎಂಜಿನ್ನಿಗೆ ತುಂಬುವ ಸಾಧನ) ಇಲ್ಲದ ಪೆಟ್ರೋಲ್ ಎಂಜಿನ್, ಗಾಳಿ ತೆಳುವಾದಂತೆಲ್ಲ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಿಂದ ಪ್ರತಿ ಸಾವಿರ ಮೀಟರಿಗೆ ಸುಮಾರು ಹತ್ತನೆಯ ಒಂದು ಭಾಗದಷ್ಟು ನಷ್ಟವಾಗುತ್ತದೆ ಎಂದು ಸ್ಥೂಲವಾಗಿ ಲೆಕ್ಕ ಹಾಕಬಹುದು. ಬೆಂಗಳೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಸಕಲೇಶಪುರ, ಚಿಕ್ಕಮಗಳೂರು, ಮಡಿಕೇರಿಗಳೂ ಆ ಎತ್ತರಕ್ಕೆ ಸಮೀಪದಲ್ಲಿ ಅಥವಾ ಅದಕ್ಕಿಂತ ಮೇಲಿವೆ. ಅಲ್ಲಿ 67 ಅಶ್ವಶಕ್ತಿಯ ಎಂಜಿನ್ನಿನಿಂದ ನಿಜವಾಗಿ ಸಿಗುವುದು ಅರವತ್ತು ಚಿಲ್ಲರೆ ಮಾತ್ರ, ಅದರಲ್ಲಿ ಒಂದು ಪಾಲನ್ನು ಎಸಿಯ ಕಂಪ್ರೆಸರ್ ತೆಗೆದುಕೊಳ್ಳುತ್ತದೆ. ಎರಡನೆಯದು ತೂಕ. ಖಾಲಿ ಆಲ್ಟೊ ಏಳೂವರೆ ಕ್ವಿಂಟಲ್ ಆಸುಪಾಸು ತೂಗುತ್ತದೆ. ತಲಾ 65 ಕಿಲೊದ ಐವರು ಮತ್ತು 50 ಕಿಲೊ ಸಾಮಾನು ಸೇರಿದರೆ ಅದರ ಮೇಲೆ 375 ಕಿಲೊ, ಅಂದರೆ ಕಾರಿನ ಸ್ವಂತ ತೂಕದ ಅರ್ಧದಷ್ಟು ಹೊರೆ ಬೀಳುತ್ತದೆ. ಇಂಥ ಹೊರೆಯೊಂದಿಗೆ ಶಿರಾಡಿಯಲ್ಲಿ ಲಾರಿಯ ಹಿಂದೆ ನಿಧಾನವಾಗಿ ಏರುವಾಗಲೂ, ಚಾರ್ಮಾಡಿಯ ತಿರುವುಗಳಲ್ಲಿ ನಿಂತು ಹೊರಡುವಾಗಲೂ ಒಂದು ಲೀಟರಿನ ಎಂಜಿನ್ ಮೊದಲ ಎರಡು ಗೇರುಗಳಲ್ಲೇ ಏದುಸಿರು ಬಿಡುತ್ತದೆ. ಗಾಡಿ ಏರದೇ ಉಳಿಯುವುದಿಲ್ಲ, ನಿಜ. ಆದರೆ ಎದುರಿನಿಂದ ಬಸ್ ಬರುತ್ತಿರುವಾಗ ಲಾರಿಯನ್ನು ದಾಟಲು ಬೇಕಾದ ಆ ಕೆಲವು ಸೆಕೆಂಡುಗಳ ಜಿಗಿತ ಅದರಲ್ಲಿಲ್ಲ, ಮತ್ತು ಇದು ಅನುಕೂಲದ ಪ್ರಶ್ನೆಯಾಗಿ ಉಳಿಯದೆ ಸುರಕ್ಷತೆಯ ಪ್ರಶ್ನೆಯಾಗುತ್ತದೆ.

ಆದ್ದರಿಂದ ಕರಾವಳಿ ಅಥವಾ ಮಲೆನಾಡಿನಲ್ಲಿ ಊರಿದ್ದು, ನಾಲ್ಕೈದು ಜನ ಕೂಡಿ ಹೋಗುವ ಕುಟುಂಬಕ್ಕೆ 1.2 ಲೀಟರಿನ ಕಾರೇ ಸರಿ. ವಿಜಯಪುರ, ರಾಯಚೂರು, ಕಲಬುರಗಿಯ ಬಯಲುಸೀಮೆಯಲ್ಲಿ ಏರು ಕಡಿಮೆಯಿದ್ದರೂ ಬೇಸಿಗೆಯಲ್ಲಿ ಎಸಿಯನ್ನು ನಿಲ್ಲಿಸುವ ಪ್ರಶ್ನೆಯೇ ಇಲ್ಲದಿರುವುದರಿಂದ ಅಲ್ಲಿಯೂ ದೊಡ್ಡ ಎಂಜಿನ್ನಿನ ಲಾಭ ಗೊತ್ತಾಗುತ್ತದೆ. ಹಾಗೆಯೇ, ಹಿಂದಿನ ಸೀಟಿಗೆ ಪ್ರತ್ಯೇಕ ಎಸಿ ಕಿಂಡಿಗಳಿರುವ ನಿಯೋಸ್‌ನ ವೇರಿಯಂಟ್‌ಗಳು ಆ ಭಾಗದವರಿಗೆ ವಿಶೇಷವಾಗಿ ಒಪ್ಪುತ್ತವೆ.

ಮೈಲೇಜಿನ ಲೆಕ್ಕ

ದೊಡ್ಡ ಎಂಜಿನ್ ಎಂದರೆ ಮೈಲೇಜು ಕಡಿಮೆ ಎಂಬ ನಂಬಿಕೆ ಈಗ ಪೂರ್ತಿ ನಿಜವಲ್ಲ. ಕಂಪನಿ ಘೋಷಿಸಿರುವ ಅಂಕಿಗಳ ಪ್ರಕಾರ ಒಂದು ಲೀಟರ್ ಎಂಜಿನ್ನಿನ ಮ್ಯಾನ್ಯುಯಲ್ ವ್ಯಾಗನ್‌ಆರ್ 24.35 ಕಿ.ಮೀ. ಕೊಟ್ಟರೆ, 1.2 ಲೀಟರಿನ ಮ್ಯಾನ್ಯುಯಲ್ ಸ್ವಿಫ್ಟ್ 24.80 ಕಿ.ಮೀ. ಕೊಡುತ್ತದೆ. ಟಿಯಾಗೊದ ಅಂಕಿ ಇಪ್ಪತ್ತರ ಆಸುಪಾಸಿನಲ್ಲಿದ್ದು, ಈ ಒಂದು ವಿಷಯದಲ್ಲಿ ಅದು ಹಿಂದೆ ಬೀಳುತ್ತದೆ. ಇವೆಲ್ಲ ಪ್ರಯೋಗಾಲಯದ ಅಂಕಿಗಳು. ನಿಜವಾದ ರಸ್ತೆಯಲ್ಲಿ ಇದರ ಮುಕ್ಕಾಲು ಪಾಲನ್ನು ನಿರೀಕ್ಷಿಸುವುದು ವಾಸ್ತವಕ್ಕೆ ಹತ್ತಿರ, ಬೆಂಗಳೂರಿನ ಸಂಚಾರದಟ್ಟಣೆಯಲ್ಲಿ ಅದಕ್ಕಿಂತಲೂ ಕಡಿಮೆ. ಪಂಪ್‌ಗಳಲ್ಲಿ ಈಗ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಶಾಖಶಕ್ತಿ ಕಡಿಮೆಯಿರುವುದರಿಂದ ಅಲ್ಲಿಯೂ ಒಂದಿಷ್ಟು ಇಳಿಕೆಯಾಗುತ್ತದೆ.

ಈಗ ಹಣದ ಲೆಕ್ಕಕ್ಕೆ ಬರೋಣ. ಒಂದು ಕಾರು ನಿಜವಾದ ಬಳಕೆಯಲ್ಲಿ ಲೀಟರಿಗೆ 18 ಕಿ.ಮೀ., ಇನ್ನೊಂದು 15 ಕಿ.ಮೀ. ಕೊಡುತ್ತದೆ ಎಂದಿಟ್ಟುಕೊಳ್ಳಿ. ವರ್ಷಕ್ಕೆ ಹತ್ತು ಸಾವಿರ ಕಿ.ಮೀ. ಓಡಿಸುವವರಿಗೆ ಮೊದಲನೆಯದಕ್ಕೆ 556 ಲೀಟರ್, ಎರಡನೆಯದಕ್ಕೆ 667 ಲೀಟರ್ ಬೇಕು. ಲೀಟರಿಗೆ 103 ರೂಪಾಯಿಯಂತೆ ಆ 111 ಲೀಟರ್ ವ್ಯತ್ಯಾಸದ ಬೆಲೆ ವರ್ಷಕ್ಕೆ ಹನ್ನೊಂದು ಸಾವಿರದ ನಾನೂರು ರೂಪಾಯಿ ಆಸುಪಾಸು, ತಿಂಗಳಿಗೆ ಸಾವಿರಕ್ಕೂ ಕಡಿಮೆ. ಇದು ಸಣ್ಣ ಮೊತ್ತವೆಂದು ನಾನು ಹೇಳುವುದಿಲ್ಲ. ಆದರೆ ಇಷ್ಟೇ ವ್ಯತ್ಯಾಸಕ್ಕಾಗಿ ಗಟ್ಟಿಯಾದ ಕಾರನ್ನು ಬಿಟ್ಟು ಹಗುರವಾದ ಕಾರನ್ನು ಒಪ್ಪಿಕೊಳ್ಳುವ ಮುನ್ನ ಯೋಚಿಸಬೇಕು.

ಸಿಎನ್‌ಜಿಯ ಲೆಕ್ಕ ಬೇರೆ. ವ್ಯಾಗನ್‌ಆರ್ ಸಿಎನ್‌ಜಿ ವೇರಿಯಂಟಿನ ಬೆಲೆ ಪೆಟ್ರೋಲ್ ವೇರಿಯಂಟಿಗಿಂತ ಸುಮಾರು 90 ಸಾವಿರ ರೂಪಾಯಿ ಹೆಚ್ಚು. ಪೆಟ್ರೋಲಿನಲ್ಲಿ ಕಿಲೊಮೀಟರಿಗೆ ಐದು ಮುಕ್ಕಾಲು ರೂಪಾಯಿ, ಸಿಎನ್‌ಜಿಯಲ್ಲಿ ಮೂರೂವರೆ ರೂಪಾಯಿ ಖರ್ಚಾಗುತ್ತದೆ ಎಂದು ಹಿಡಿದರೆ, ಹೆಚ್ಚಿಗೆ ಕೊಟ್ಟ ಹಣ ಹಿಂದಿರುಗಲು ನಲವತ್ತು ಸಾವಿರ ಕಿ.ಮೀ. ಓಡಿಸಬೇಕು. ತಿಂಗಳಿಗೆ ಎರಡು ಸಾವಿರ ಕಿ.ಮೀ. ಓಡಿಸುವವರಿಗೆ ಇದು ಎರಡು ವರ್ಷದೊಳಗಿನ ಮಾತು, ಐನೂರು ಕಿ.ಮೀ. ಓಡಿಸುವವರಿಗೆ ಆರು ವರ್ಷಕ್ಕೂ ಮಿಕ್ಕಿದ ಮಾತು. ವ್ಯಾಗನ್‌ಆರ್‌ನಲ್ಲಿ ಸಿಎನ್‌ಜಿ ಸಿಗುವುದು ಒಂದು ಲೀಟರಿನ ಎಂಜಿನ್ನಿಗೆ ಮಾತ್ರ, ಮತ್ತು ಅನಿಲದಲ್ಲಿ ಓಡುವಾಗ ಅದರ ಶಕ್ತಿ 57 ಅಶ್ವಶಕ್ತಿಗೆ ಇಳಿಯುತ್ತದೆ. ಸಿಲಿಂಡರ್ ಡಿಕ್ಕಿಯ ಬಹುಭಾಗವನ್ನು ತಿನ್ನುವುದರಿಂದ ಊರಿಗೆ ಹೋಗುವಾಗ ಬ್ಯಾಗುಗಳನ್ನು ಕಾಲಡಿಯಲ್ಲಿಟ್ಟುಕೊಳ್ಳಬೇಕಾದೀತು. ಟಿಯಾಗೊದಲ್ಲಿ ಒಂದು ದೊಡ್ಡ ಸಿಲಿಂಡರಿನ ಬದಲು ಎರಡು ಚಿಕ್ಕವನ್ನು ಡಿಕ್ಕಿಯ ತಳದಲ್ಲಿ ಜೋಡಿಸಿರುವುದರಿಂದ ಸಾಮಾನಿಗೆ ಜಾಗ ಉಳಿಯುತ್ತದೆ, ಶಕ್ತಿಯೂ 73 ಅಶ್ವಶಕ್ತಿಯಷ್ಟಿದೆ; ಸಿಎನ್‌ಜಿ ಬೇಕೇ ಬೇಕೆನ್ನುವ ಕುಟುಂಬಕ್ಕೆ ನಾನು ಹೇಳುವುದು ಅದನ್ನೇ. ಆದರೆ ಹಣ ಕಟ್ಟುವ ಮುನ್ನ ನಿಮ್ಮ ಊರಿನಲ್ಲೂ ನೀವು ಹೋಗುವ ದಾರಿಯಲ್ಲೂ ಸಿಎನ್‌ಜಿ ಪಂಪ್ ಎಲ್ಲಿದೆ, ಅಲ್ಲಿ ಎಷ್ಟು ಹೊತ್ತು ಸಾಲು ನಿಲ್ಲಬೇಕು ಎಂಬುದನ್ನು ಸ್ವತಃ ನೋಡಿಕೊಂಡು ಬನ್ನಿ.

ಸುರಕ್ಷತೆ: ನಕ್ಷತ್ರಗಳನ್ನು ಓದುವ ಬಗೆ

ಈ ವಿಷಯದಲ್ಲಿ ಅಂಕಿಗಳಿಗಿಂತ ಅವುಗಳ ಹಿಂದಿನ ವಿವರ ಮುಖ್ಯ. 2020ರಲ್ಲಿ, ಕಾರುಗಳನ್ನು ಅಪ್ಪಳಿಸಿ ಪರೀಕ್ಷಿಸಿ ಐದರೊಳಗೆ ನಕ್ಷತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆ ಗ್ಲೋಬಲ್ ಎನ್‌ಕ್ಯಾಪ್ ನಡೆಸಿದ ಅಪಘಾತ ಪರೀಕ್ಷೆಯಲ್ಲಿ ಟಿಯಾಗೊ ವಯಸ್ಕರ ರಕ್ಷಣೆಗೆ ನಾಲ್ಕು, ಮಕ್ಕಳ ರಕ್ಷಣೆಗೆ ಮೂರು ನಕ್ಷತ್ರ ಪಡೆಯಿತು. ಅದೇ ವರ್ಷ ನಿಯೋಸ್‌ಗೆ ಎರಡು ನಕ್ಷತ್ರ ಬಂತು. 2023ರಲ್ಲಿ ಪರೀಕ್ಷೆಯಾದ ಆಲ್ಟೊ ಕೆ10 ವಯಸ್ಕರ ರಕ್ಷಣೆಯಲ್ಲಿ ಎರಡು, ವ್ಯಾಗನ್‌ಆರ್ ಒಂದು ನಕ್ಷತ್ರ ಪಡೆದರೆ, ಮಕ್ಕಳ ರಕ್ಷಣೆಯಲ್ಲಿ ಎರಡಕ್ಕೂ ಸೊನ್ನೆ ಬಂತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ 2022ರಲ್ಲಿ ಆ ಸಂಸ್ಥೆ ತನ್ನ ನಿಯಮಗಳನ್ನು ಬಿಗಿಗೊಳಿಸಿತು. ಮುಂಭಾಗದ ಹೊಡೆತದ ಜೊತೆಗೆ ಪಕ್ಕದ ಹೊಡೆತ, ಗಾಡಿ ಜಾರದಂತೆ ತಡೆಯುವ ಇಎಸ್‌ಪಿ, ಪಾದಚಾರಿಗಳ ರಕ್ಷಣೆ ಇವೂ ಲೆಕ್ಕಕ್ಕೆ ಬಂದವು. ಆದ್ದರಿಂದ ಟಿಯಾಗೊದ ನಾಲ್ಕನ್ನು ವ್ಯಾಗನ್‌ಆರ್‌ನ ಒಂದರ ಎದುರಿಗಿಟ್ಟು ನಾಲ್ಕು ಪಟ್ಟು ಎನ್ನುವುದು ಸರಿಯಲ್ಲ. ಹಾಗಿದ್ದರೂ ಹಳೆಯ ನಿಯಮದಡಿ ಪರೀಕ್ಷೆಯಾದ ಟಿಯಾಗೊ ಮತ್ತು ನಿಯೋಸ್ ನಡುವಿನ ಅಂತರ ನೇರವಾದದ್ದು, ಅದನ್ನು ತಳ್ಳಿಹಾಕುವಂತಿಲ್ಲ.

ಆ ಪರೀಕ್ಷೆಗಳ ನಂತರ ಕಾರುಗಳೂ ಬದಲಾಗಿವೆ. ಪರೀಕ್ಷೆಗೆ ಒಳಪಟ್ಟಾಗ ಇವುಗಳಲ್ಲಿದ್ದದ್ದು ಎರಡೇ ಏರ್‌ಬ್ಯಾಗ್. ಈಗ ನಿಯೋಸ್‌ನಲ್ಲೂ, 2025ರಿಂದ ಆಲ್ಟೊ, ಸೆಲೆರಿಯೊ, ವ್ಯಾಗನ್‌ಆರ್‌ಗಳಲ್ಲೂ ಆರು ಏರ್‌ಬ್ಯಾಗ್ ಎಲ್ಲ ವೇರಿಯಂಟ್‌ಗಳಿಗೆ ಬಂದಿವೆ. ಇದು ಸ್ವಾಗತಾರ್ಹ, ಆದರೆ ಏರ್‌ಬ್ಯಾಗ್ ಹೆಚ್ಚಿದ ಮಾತ್ರಕ್ಕೆ ಕಾರಿನ ಕವಚ ಗಟ್ಟಿಯಾಗುವುದಿಲ್ಲ. ಕವಚ ಕುಸಿದರೆ ಏರ್‌ಬ್ಯಾಗ್ ಉಬ್ಬಿಯೂ ಪ್ರಯೋಜನ ಕಡಿಮೆ. ಸ್ವಿಫ್ಟ್ ವಿಷಯದಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. 2024ರಲ್ಲಿ ಮಾರುತಿಯದೇ ಹೊಸ ಡಿಜೈರ್ ಗ್ಲೋಬಲ್ ಎನ್‌ಕ್ಯಾಪ್‌ನಲ್ಲಿ ಐದು ನಕ್ಷತ್ರ ಗಳಿಸಿದ್ದನ್ನು ತೋರಿಸಿ, ಅದೇ ಎಂಜಿನ್ ಇರುವ ಸ್ವಿಫ್ಟ್‌ಗೂ ಅಷ್ಟೇ ಎಂದು ಹೇಳುವ ಮಾರಾಟಗಾರರಿದ್ದಾರೆ. ಒಂದು ಕಾರಿಗೆ ಬಂದ ಫಲಿತಾಂಶ ಇನ್ನೊಂದಕ್ಕೆ ಸಲ್ಲುವುದಿಲ್ಲ. ಸ್ವಿಫ್ಟ್ ಪರವಾಗಿ ಖಚಿತವಾಗಿ ಹೇಳಬಹುದಾದದ್ದು ಆರು ಏರ್‌ಬ್ಯಾಗ್, ಇಎಸ್‌ಪಿ ಮತ್ತು ಐದೂ ಆಸನಗಳಿಗೆ ಮೂರು ಬಿಂದುಗಳ ಸೀಟ್‌ಬೆಲ್ಟ್ ಎಲ್ಲ ವೇರಿಯಂಟ್‌ಗಳಲ್ಲೂ ಇವೆ ಎಂಬುದನ್ನು. ನಮ್ಮದೇ ಭಾರತ್ ಎನ್‌ಕ್ಯಾಪ್ 2023ರ ಅಕ್ಟೋಬರಿನಲ್ಲಿ ಆರಂಭವಾಗಿದ್ದು, ಕೊಳ್ಳುವ ಹೊತ್ತಿಗೆ ನಿಮ್ಮ ಆಯ್ಕೆಯ ಕಾರಿನ ಫಲಿತಾಂಶ ಅದರ ಜಾಲತಾಣದಲ್ಲಿ ಬಂದಿದೆಯೇ ಎಂದು ನೋಡುವುದು ಒಳ್ಳೆಯದು.

ಇದರೊಂದಿಗೆ, ಮನೆಯಲ್ಲಿ ಪುಟ್ಟ ಮಗುವಿದ್ದರೆ ಕಾರಿನ ಬಜೆಟ್ಟಿನಲ್ಲೇ ಮಗುವಿನ ಸೀಟಿನ ಬೆಲೆಯನ್ನೂ ಸೇರಿಸಿಕೊಳ್ಳಿ. ಮುಂದಿನ ಸೀಟಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಿಕೊಳ್ಳುವ ನಮ್ಮ ರೂಢಿಯಿಂದ ಆಗುವ ಅಪಾಯವನ್ನು ಯಾವ ನಕ್ಷತ್ರವೂ ತಪ್ಪಿಸಲಾರದು. ಅಲಾಯ್ ಚಕ್ರಕ್ಕೋ ದೊಡ್ಡ ಟಚ್‌ಸ್ಕ್ರೀನಿಗೋ ಕೊಡುವ ಹಣದಲ್ಲಿ ಕಾರಿನ ಕೊಂಡಿಗಳಿಗೆ ನೇರವಾಗಿ ಸಿಕ್ಕಿಸುವ ಒಳ್ಳೆಯ ಐಸೊಫಿಕ್ಸ್ ಮಕ್ಕಳ ಸೀಟು ಬರುತ್ತದೆ.

ಕೂರುವುದು, ಇಳಿಯುವುದು, ಸಾಮಾನು

ವ್ಯಾಗನ್‌ಆರ್ ಇಷ್ಟು ವರ್ಷ ಮಾರಾಟದಲ್ಲಿ ಮುಂಚೂಣಿಯಲ್ಲಿರುವುದಕ್ಕೆ ಕಾರಣ ಅದರೊಳಗೆ ಕುಳಿತ ಕ್ಷಣವೇ ತಿಳಿಯುತ್ತದೆ. ಅದರ ಎತ್ತರ 1,675 ಮಿ.ಮೀ.; ಸೀಟು ಸೊಂಟದ ಮಟ್ಟದಲ್ಲಿರುವುದರಿಂದ ಮಂಡಿನೋವಿನ ಹಿರಿಯರು ಬಗ್ಗದೆ, ಏರದೆ ಸುಮ್ಮನೆ ಸರಿದು ಕೂರಬಹುದು. ಸೀರೆಯುಟ್ಟ ಅಜ್ಜಿಗೆ ಇದು ಎಷ್ಟು ದೊಡ್ಡ ಅನುಕೂಲ ಎಂಬುದನ್ನು ತಾಂತ್ರಿಕ ವಿವರಗಳ ಪಟ್ಟಿ ಹೇಳುವುದಿಲ್ಲ. ಡಿಕ್ಕಿ 341 ಲೀಟರ್, ಈ ಏಳರಲ್ಲೇ ದೊಡ್ಡದು. ಸೆಲೆರಿಯೊದ್ದು 313, ಕ್ವಿಡ್‌ನದು 279, ಸ್ವಿಫ್ಟ್‌ನದು 265, ನಿಯೋಸ್‌ನದು 260, ಟಿಯಾಗೊದ್ದು 242, ಆಲ್ಟೊದ್ದು 214 ಲೀಟರ್. ಸ್ವಿಫ್ಟ್ ಮತ್ತು ಟಿಯಾಗೊಗಳಲ್ಲಿ ಸೀಟು ಕೆಳಗಿದೆ. ಸ್ವಿಫ್ಟ್‌ನ ಹಿಂಬದಿ ಕಿಟಕಿ ಮೇಲಕ್ಕೇರುತ್ತ ಕಿರಿದಾಗುವುದರಿಂದ ಒಳಗೆ ಬೆಳಕು ಕಡಿಮೆ, ಮಕ್ಕಳಿಗೆ ಹೊರಗೆ ಕಾಣುವುದಿಲ್ಲ; ತಿರುವಿನ ರಸ್ತೆಯಲ್ಲಿ ವಾಂತಿಯಾಗುವ ಮಕ್ಕಳಿರುವ ಮನೆಯವರು ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಟಿಯಾಗೊದ ಸೀಟುಗಳು ಮಾತ್ರ ಅಗಲವಾಗಿದ್ದು, ದೂರದ ಪ್ರಯಾಣದಲ್ಲಿ ಬೆನ್ನಿಗೆ ಒಳ್ಳೆಯ ಆಧಾರ ಕೊಡುತ್ತವೆ.

ಕ್ವಿಡ್ ಬಗ್ಗೆ ಒಂದು ಮಾತು. ನೆಲದಿಂದ ಅದರ ತಳದ ಅಂತರ 184 ಮಿ.ಮೀ.; ಸ್ವಿಫ್ಟ್‌ನದು 163. ತೋಟದ ಮನೆಯ ಮಣ್ಣುರಸ್ತೆಯಲ್ಲಿ, ಮಳೆಗಾಲದ ಕೊರಕಲುಗಳಲ್ಲಿ ಈ ಎರಡು ಸೆಂಟಿಮೀಟರ್ ನಿಜವಾಗಿಯೂ ಉಪಯೋಗಕ್ಕೆ ಬರುತ್ತವೆ. ಆದರೆ ಸರ್ವಿಸ್ ಕೇಂದ್ರ ನಿಮ್ಮ ಊರಿಗೆ ಎಷ್ಟು ಹತ್ತಿರವಿದೆ ಎಂದು ಮೊದಲು ವಿಚಾರಿಸಿ; ತಾಲ್ಲೂಕು ಕೇಂದ್ರಗಳವರೆಗೆ ಹರಡಿಕೊಂಡಿರುವ ಜಾಲ ಮಾರುತಿಯದು, ಉಳಿದವರ ಕೇಂದ್ರಗಳಿಗೆ ಬಹಳ ಕಡೆ ಜಿಲ್ಲಾ ಕೇಂದ್ರದವರೆಗೆ ಹೋಗಬೇಕು.

ಗೇರಿನ ಪ್ರಶ್ನೆಯನ್ನು ಚಿಕ್ಕದಾಗಿ ಮುಗಿಸಬಹುದು. ಈ ಬೆಲೆಯಲ್ಲಿ ಸಿಗುವ ಆಟೊಮ್ಯಾಟಿಕ್ ಎಂದರೆ ಎಎಂಟಿ: ಕ್ಲಚ್ಚನ್ನು ನಿಮ್ಮ ಕಾಲಿನ ಬದಲು ಯಂತ್ರ ಒತ್ತುತ್ತದೆ, ಒಳಗಿರುವುದು ಮಾಮೂಲಿ ಗೇರ್‌ಬಾಕ್ಸೇ. ಸಿಲ್ಕ್ ಬೋರ್ಡಿನಲ್ಲೋ ಹೆಬ್ಬಾಳದಲ್ಲೋ ದಿನಕ್ಕೆರಡು ಬಾರಿ ಸಿಲುಕುವವರಿಗೆ ಇದು ವರವೇ ಸರಿ. ಗೇರು ಬದಲಾಗುವಾಗ ತಲೆ ಸ್ವಲ್ಪ ಮುಂದೆ ಬಾಗಿದಂತಾಗುವುದು ಕೆಲದಿನಗಳಲ್ಲಿ ಅಭ್ಯಾಸವಾಗುತ್ತದೆ. ಆದರೆ ಏರಿನಲ್ಲಿ ನಿಂತು ಹೊರಡುವಾಗ ಹಿಂದಕ್ಕೆ ಜಾರದಂತೆ ತಡೆಯುವ ಹಿಲ್ ಹೋಲ್ಡ್ ಇರುವ ವೇರಿಯಂಟನ್ನೇ ಕೇಳಿ ತೆಗೆದುಕೊಳ್ಳಿ, ಮತ್ತು ಘಾಟಿಯಲ್ಲಿ ಮ್ಯಾನ್ಯುಯಲ್ ಮೋಡಿಗೆ ಹಾಕಿಕೊಂಡು ಓಡಿಸಿ.

ಆನ್-ರೋಡ್ ಬೆಲೆಯ ಒಳಗೆ ಏನೇನಿದೆ

ಕರ್ನಾಟಕದ ಜೀವಿತಾವಧಿ ತೆರಿಗೆ ದೇಶದಲ್ಲಿ ಅತಿ ಹೆಚ್ಚಿನ ದರಗಳಲ್ಲೊಂದು. ಐದು ಲಕ್ಷದವರೆಗಿನ ಕಾರಿಗೆ ಬೆಲೆಯ ಶೇ 13, ಐದರಿಂದ ಹತ್ತು ಲಕ್ಷದವರೆಗೆ ಶೇ 14, ಅದರ ಮೇಲೆ ಆ ತೆರಿಗೆಯ ಶೇ 11ರಷ್ಟು ಸೆಸ್. ಆರು ಲಕ್ಷದ ಕಾರಿಗೆ ತೆರಿಗೆ 84,000, ಸೆಸ್ 9,240, ಒಟ್ಟು 93,240 ರೂಪಾಯಿ. 4.9 ಲಕ್ಷದ ಕಾರಿಗೆ ಇದು 70,707 ರೂಪಾಯಿ. ಅಂದರೆ ಬೆಲೆಯಲ್ಲಿ 1.1 ಲಕ್ಷದ ಅಂತರವಿರುವ ಎರಡು ಕಾರುಗಳ ನಡುವೆ ನೋಂದಣಿ ಮುಗಿಯುವ ಹೊತ್ತಿಗೆ 1.3 ಲಕ್ಷಕ್ಕೂ ಹೆಚ್ಚು ಅಂತರ ಬೀಳುತ್ತದೆ. ವಿಮೆಯಲ್ಲೂ ವ್ಯತ್ಯಾಸವಿದೆ: ಹೊಸ ಕಾರಿಗೆ ಮೂರು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ, ಮತ್ತು 2022ರಲ್ಲಿ ನಿಗದಿಯಾದ ದರದಂತೆ ಸಾವಿರ ಸಿಸಿಯೊಳಗಿನ ಕಾರಿಗೆ ಅದು 6,521 ರೂಪಾಯಿ, ಅದಕ್ಕೆ ಮೇಲ್ಪಟ್ಟು 1,500 ಸಿಸಿಯವರೆಗೆ 10,640 ರೂಪಾಯಿ. ಒಟ್ಟಿನಲ್ಲಿ 1.2 ಲೀಟರಿನ ಕಾರನ್ನು ಆರಿಸುವವರು ಈ ಹೆಚ್ಚಿನ ಹೊರೆಯನ್ನು ಮೊದಲೇ ಲೆಕ್ಕಹಾಕಿಕೊಂಡಿರಬೇಕು.

ವಿಮೆಯನ್ನು ಶೋರೂಮಿನಲ್ಲೇ ಮಾಡಿಸಬೇಕೆಂಬ ನಿಯಮವಿಲ್ಲ. ಬೇರೆ ಎರಡು ಕಡೆ ದರಪಟ್ಟಿ ತರಿಸಿ ತೋರಿಸಿದರೆ ಅಲ್ಲಿಯೂ ಮೊತ್ತ ಇಳಿಯುವುದುಂಟು. ಹ್ಯಾಂಡ್ಲಿಂಗ್ ಚಾರ್ಜ್ ಎಂಬ ಹೆಸರಿನಲ್ಲಿ ಸೇರಿಸುವ ಕೆಲವು ಸಾವಿರಗಳನ್ನು ಪ್ರಶ್ನಿಸಿ ತೆಗೆಸಿ.

ಯಾರಿಗೆ ಯಾವುದು

ಘಾಟಿ ದಾಟಿ ಊರಿಗೆ ಹೋಗುವ ನಾಲ್ಕೈದು ಜನರ ಕುಟುಂಬಕ್ಕೆ ನನ್ನ ಮೊದಲ ಆಯ್ಕೆ ಟಿಯಾಗೊದ ಮಧ್ಯಮ ವೇರಿಯಂಟ್. ಮೈಲೇಜಿನಲ್ಲಿ ಅದು ಕಳೆಯುವುದನ್ನು ಕೊಳ್ಳುವ ಬೆಲೆಯಲ್ಲಿ ಉಳಿಸಿಕೊಡುತ್ತದೆ. ಆದರೆ ನೀವು ಆರಿಸಿದ ವೇರಿಯಂಟಿನಲ್ಲಿ ಎಷ್ಟು ಏರ್‌ಬ್ಯಾಗ್ ಇವೆ, ಇಎಸ್‌ಪಿ ಇದೆಯೇ ಎಂಬುದನ್ನು ಬರಹದಲ್ಲಿ ಪಡೆದುಕೊಳ್ಳಿ. ವರ್ಷಕ್ಕೆ ಹದಿನೈದು ಸಾವಿರ ಕಿ.ಮೀ.ಗೂ ಹೆಚ್ಚು ಓಡಿಸುವವರಿಗೆ, ಸಣ್ಣ ಊರಿನಲ್ಲಿ ನೆಲೆಸಿದವರಿಗೆ ಸ್ವಿಫ್ಟ್ ಮೇಲು. ನಿಯೋಸ್‌ನ ನಾಲ್ಕು ಸಿಲಿಂಡರಿನ ಎಂಜಿನ್ನಿನಷ್ಟು ನಡುಕವಿಲ್ಲದ ಸವಾರಿ ಮೂರು ಸಿಲಿಂಡರಿನ ಕಾರುಗಳಲ್ಲಿಲ್ಲ. ಹೆಚ್ಚಾಗಿ ನಗರದೊಳಗೆ, ನಿಧಾನವಾಗಿ ಓಡಿಸುವವರಿಗೆ ಅದು ಹಿತ. ಹಿರಿಯರ ಓಡಾಟವೇ ಮುಖ್ಯವಾದ ಮನೆಗೆ ವ್ಯಾಗನ್‌ಆರ್ ಬಿಟ್ಟರೆ ಬೇರೆ ಇಲ್ಲ, ಆದರೆ 1.2 ಲೀಟರಿನದೇ ಇರಲಿ, ಹೆದ್ದಾರಿಯಲ್ಲಿ ವೇಗ ಎಂಬತ್ತರೊಳಗಿರಲಿ. ಆಲ್ಟೊ ಮತ್ತು ಸೆಲೆರಿಯೊಗಳನ್ನು ಇಬ್ಬರೇ ಇರುವ ಮನೆಗೆ, ಕಿರಿದಾದ ಗಲ್ಲಿಯಲ್ಲಿ ನಿಲ್ಲಿಸಬೇಕಾದವರಿಗೆ, ಸ್ಕೂಟರಿನಿಂದ ಕಾರಿಗೆ ಬರುತ್ತಿರುವವರಿಗೆ ಧಾರಾಳವಾಗಿ ಹೇಳಬಹುದು. ಎರಡೂ ಒಂದೇ ಬೆಲೆಗೆ ಸಿಕ್ಕರೆ ಡಿಕ್ಕಿಗಾಗಿ ಸೆಲೆರಿಯೊ. ಮನೆಯಲ್ಲೇ ಚಾರ್ಜಿಂಗಿಗೆ ಸ್ವಂತ ನಿಲುಗಡೆ ಜಾಗವಿದ್ದು, ಊರಿನ ಪ್ರಯಾಣಕ್ಕೆ ಬಸ್ಸು ರೈಲು ನೆಚ್ಚಿಕೊಂಡವರು ಟಿಯಾಗೊದ ವಿದ್ಯುತ್ ಮಾದರಿಯನ್ನೂ ಓಡಿಸಿ ನೋಡಬೇಕು.

ಓಡಿಸಿ ನೋಡುವಾಗ ಒಬ್ಬರೇ ಹೋಗಬೇಡಿ. ಮನೆಯವರೆಲ್ಲರನ್ನೂ ಕರೆದುಕೊಂಡು ಹೋಗಿ, ಎಸಿ ಹಾಕಿಸಿ, ಹತ್ತಿರದ ಮೇಲ್ಸೇತುವೆಯ ಏರಿನಲ್ಲಿ ನಿಲ್ಲಿಸಿ ಹೊರಡಿ. ನಿಮಗೆ ಬೇಕಾದಂತೆ ಚಾಲಕನ ಸೀಟನ್ನು ಹೊಂದಿಸಿದ ಮೇಲೆ ಅದರ ಹಿಂದೆ ಮನೆಯ ಎತ್ತರದ ಸದಸ್ಯರನ್ನು ಕೂರಿಸಿ ಮಂಡಿಗೆ ಜಾಗ ಉಳಿಯಿತೇ ನೋಡಿ. ಕಾರನ್ನು ನೋಂದಣಿಗೆ ಕಳಿಸುವ ಮುನ್ನ, ಹಗಲು ಬೆಳಕಿನಲ್ಲಿ, ಚಾಸಿ ಸಂಖ್ಯೆಯಿಂದ ತಯಾರಿಕೆಯ ತಿಂಗಳನ್ನು ಖಚಿತಪಡಿಸಿಕೊಳ್ಳಿ. ಟೈರುಗಳ ಮೇಲಿನ ನಾಲ್ಕು ಅಂಕಿಗಳಲ್ಲಿ ಮೊದಲೆರಡು ವಾರವನ್ನೂ ಕೊನೆಯೆರಡು ವರ್ಷವನ್ನೂ ಹೇಳುತ್ತವೆ, ಸ್ಟೆಪ್ನಿ ಸೇರಿದಂತೆ ಎಲ್ಲವನ್ನೂ ಓದಿ.